ಜಪಾನಿನ ಚಾಸಿ, ಅಮೆರಿಕದ ಬಾಡಿ

1970ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ಹೊಸ ಬಗೆಯ ಪುಟ್ಟ ಮನೆಗಾಡಿಯೊಂದು ಓಡಾಡತೊಡಗಿತು. ಮುಂದೆ ಟೊಯೊಟಾ ಪಿಕಪ್‌ನ ಚಿಕ್ಕ ಮುಖ. ಹಿಂದೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಹೊತ್ತ ಕೋಣೆ. ಎಂಜಿನ್, ಕ್ಯಾಬಿನ್, ಚಾಸಿ ಜಪಾನಿನಿಂದ ಹಡಗಿನಲ್ಲಿ ಬಂದವು. ಬಾಡಿ ಕಟ್ಟಿದ್ದು ಅಮೆರಿಕದಲ್ಲಿ. ಎರಡು ದೇಶಗಳ ಸರಕು ಹೀಗೆ ಒಂದೇ ಗಾಡಿಯಾದದ್ದಕ್ಕೆ ಹಿನ್ನೆಲೆಯಾಗಿ ಕೋಳಿಮಾಂಸದ ಜಗಳವೊಂದಿದೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೋಳಿ ಸಾಕಣೆ ದೊಡ್ಡ ಉದ್ಯಮವಾಗಿ ಬೆಳೆದು, ಅಲ್ಲಿನ ಅಗ್ಗದ ಮಾಂಸ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ನುಗ್ಗಿತು. ಅಲ್ಲಿನ ರೈತರು ಕಂಗಾಲಾದರು. 1962ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಕೋಳಿಯ ಮೇಲಿನ ಆಮದು ಸುಂಕವನ್ನು ಏರಿಸಿತು. ಇದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆದೇಶ ನಾಲ್ಕು ಸರಕುಗಳ ಸುಂಕ ಹೆಚ್ಚಿಸಿತು: ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಹಗುರ ಟ್ರಕ್. ಟ್ರಕ್ಕಿನ ಮೇಲೆ ಬಿದ್ದದ್ದು ಶೇ. 25. ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಇಟ್ಟ ಗುರಿ ಅದು. ಜನ ಅದಕ್ಕೆ ಕೋಳಿ ತೆರಿಗೆ ಎಂದೇ ಹೆಸರಿಟ್ಟರು. ಮುಂದೆ ಅದರ ಬಿಸಿ ಹೆಚ್ಚಾಗಿ ತಟ್ಟಿದ್ದು, ಈ ಜಗಳಕ್ಕೆ ಸಂಬಂಧವೇ ಇಲ್ಲದ ಜಪಾನಿಗೆ.

ಆದರೆ ನಿಯಮದಲ್ಲೊಂದು ಸಂದು ಇತ್ತು. ಹಿಂದಿನ ತೊಟ್ಟಿಯಿಲ್ಲದೆ ಬರೀ ಕ್ಯಾಬಿನ್ ಮತ್ತು ಚಾಸಿ ಬಂದರೆ ಅದು ಪೂರ್ತಿ ಟ್ರಕ್ ಅಲ್ಲ. ಅದಕ್ಕೆ ಸುಂಕ ಶೇ. 4 ಮಾತ್ರ. ಜಪಾನಿನ ಪಿಕಪ್‌ಗಳು ಹಾಗೆಯೇ ಬಂದಿಳಿದವು; ಬಂದರು ದಾಟಿದ ಮೇಲೆ ತೊಟ್ಟಿ ಕೂಡಿಸಿ ಮಾರಲಾಯಿತು. ಟೊಯೊಟಾದ ತೊಟ್ಟಿಗಳನ್ನು 1972ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ತಯಾರಿಸತೊಡಗಿದರು. ಅಮೆರಿಕದಲ್ಲಿ ಆ ಕಂಪನಿಯ ಉತ್ಪಾದನೆ ಶುರುವಾದದ್ದೇ ಅಲ್ಲಿಂದ. ಬಾಡಿಯಿಲ್ಲದ ಚಾಸಿ ಎಂದರೆ ಕರ್ನಾಟಕದವರಿಗೆ ಹೊಸ ನೋಟವೇನಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರುಗಳು ಬಯಲಲ್ಲೇ ಕುಳಿತು ಲಾರಿ ಚಾಸಿಗಳನ್ನು ಬಾಡಿ ಕಟ್ಟುವ ಶೆಡ್ಡುಗಳತ್ತ ಸಾಲಾಗಿ ಓಡಿಸಿಕೊಂಡು ಹೋಗುವುದನ್ನು ಇಲ್ಲಿನ ಹೆದ್ದಾರಿಗಳಲ್ಲಿ ಎಷ್ಟೋ ಜನ ಕಂಡಿದ್ದಾರೆ.

ತೊಟ್ಟಿ ಕೂರಿಸುವ ಜಾಗದಲ್ಲಿ ಕೋಣೆಯನ್ನೇ ಏಕೆ ಕೂರಿಸಬಾರದು? ವಾಷಿಂಗ್ಟನ್ ರಾಜ್ಯದ ಶಿನೂಕ್ ಕಂಪನಿ 1970ರ ದಶಕದ ಮೊದಲರ್ಧದಲ್ಲೇ ಹಾಗೆ ಮಾಡಿತು. ಅದರ ಬಾಡಿ ಗಿಡ್ಡ. ನಿಲ್ಲಿಸಿದಾಗ ಸೂರನ್ನು ಮೇಲಕ್ಕೆತ್ತಿಕೊಳ್ಳಬಹುದಿತ್ತು. 1973ರ ಅಕ್ಟೋಬರ್‌ನ ತೈಲ ಬಿಕ್ಕಟ್ಟು ಈ ಪುಟ್ಟ ಗಾಡಿಗೆ ವರವಾಯಿತು. ಆವರೆಗೆ ಮನೆಗಾಡಿ ಎಂದರೆ ವಿನ್ನೆಬೇಗೊದಂಥ ಭಾರಿ ವಾಹನ. ಪೆಟ್ರೋಲ್ ಬಂಕುಗಳ ಮುಂದೆ ಸರತಿ ಸಾಲು ಬೆಳೆದಾಗ, ನಾಲ್ಕು ಸಿಲಿಂಡರಿನ ಎಂಜಿನ್ ಸಾಕೆನ್ನುವ ಕುಟುಂಬಗಳು ಇತ್ತ ತಿರುಗಿದವು. ಸನ್‌ರೇಡರ್, ಡಾಲ್ಫಿನ್ ಮುಂತಾದ ಹೆಸರಿನ ಬಾಡಿಗಳು ಬಂದವು. ಚಾಲಕನ ತಲೆಯ ಮೇಲೆ ಅಟ್ಟದಂತೆ ಮಲಗುವ ಜಾಗ ಚಾಚಿಕೊಂಡಿತು. ಕೆಲವು ಮಾದರಿಗಳ ಉದ್ದ 21 ಅಡಿಗೆ ಹೋಯಿತು. 1980ರಲ್ಲಿ ಸರ್ಕಾರ ಆ ಸಂದನ್ನು ಮುಚ್ಚಿ, ಕ್ಯಾಬಿನ್ ಚಾಸಿಯನ್ನೂ ಶೇ. 25ರ ಸುಂಕಕ್ಕೆ ಒಳಪಡಿಸಿದ ಮೇಲೂ ಈ ಕಸುಬು ನಿಲ್ಲಲಿಲ್ಲ.

ಬಾಡಿ ಬೆಳೆಯಿತು, ಅಡಿಯ ಆಕ್ಸಲ್ ಬೆಳೆಯಲಿಲ್ಲ. ಪಿಕಪ್ ಗಾಡಿ ಹೊರೆ ಇಳಿಸಿ ಖಾಲಿಯಾಗಿ ಮನೆಗೆ ಮರಳುತ್ತದೆ. ಮನೆಗಾಡಿಯ ಹೊರೆ ನಿಂತಾಗಲೂ ಇಳಿಯುವುದಿಲ್ಲ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದರ ಮೇಲೆ ಗ್ಯಾಸ್ ಸಿಲಿಂಡರ್, ಫ್ರಿಜ್, ಜನ. ಒಂಟಿ ಚಕ್ರಕ್ಕೆ ಭಾರ ಹೆಚ್ಚಾಯಿತೆಂದು ಹಿಂದೆ ಎರಡೂ ಕಡೆ ಜೋಡಿ ಚಕ್ರ ಹಾಕಲಾಯಿತು. ನೋಡುವವರಿಗೆ ಲಾರಿಯಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ಒಳಗಿದ್ದದ್ದು ಮಾತ್ರ ಅದೇ ಹಗುರ ಆಕ್ಸಲ್. ಆ ಬಗೆಯ ಆಕ್ಸಲ್‌ನಲ್ಲಿ ಚಕ್ರವನ್ನು ತಿರುಗಿಸುವ ಶಾಫ್ಟೇ ಗಾಡಿಯ ಭಾರವನ್ನೂ ಹೊರಬೇಕು. ಜೋಡಿ ಚಕ್ರದಿಂದ ಭಾರದ ಎಳೆತ ಹೊರಕ್ಕೆ ಸರಿದು ಶಾಫ್ಟಿನ ಮೇಲಿನ ಒತ್ತಡ ಇನ್ನಷ್ಟು ಹೆಚ್ಚಿತು. ಶಾಫ್ಟ್ ಮುರಿದರೆ ಚಕ್ರ ಕಳಚಿಯೇ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಹಾಗೆ ಆಗಿಯೂ ಬಿಟ್ಟಿತು. ಚಾಸಿ ಮಾಡಿದವರ ಲೆಕ್ಕವೇ ಒಂದು, ಬಾಡಿ ಕಟ್ಟಿದವರ ಲೆಕ್ಕವೇ ಇನ್ನೊಂದಾಗಿತ್ತು. ಎರಡರ ನಡುವೆ ಸಿಕ್ಕಿಕೊಂಡವರು ರಜೆಗೆಂದು ಮಕ್ಕಳನ್ನು ಕರೆದುಕೊಂಡು ಹೊರಟ ಜನ. ಈ ಇತಿಹಾಸದಲ್ಲಿ ಎಲ್ಲಕ್ಕಿಂತ ನೋವಿನ ಅಧ್ಯಾಯ ಇದೇ.

1980ರ ದಶಕದ ನಡುವೆ ಒಂದು ಟನ್ ದರ್ಜೆಯ ಗಟ್ಟಿ ಆಕ್ಸಲ್ ಬಂತು. ಇದರಲ್ಲಿ ಭಾರವನ್ನು ಹೊರಗಿನ ಹೌಸಿಂಗ್ ಹೊರುತ್ತದೆ, ಶಾಫ್ಟಿಗೆ ಚಕ್ರ ತಿರುಗಿಸುವ ಕೆಲಸವಷ್ಟೇ. ಅದು ಮುರಿದರೂ ಚಕ್ರ ತನ್ನ ಜಾಗದಲ್ಲೇ ಉಳಿಯುತ್ತದೆ. ಹಳೆಯ ಗಾಡಿಗಳ ಆಕ್ಸಲ್ ಬದಲಿಸಿಕೊಡುವ ಕೆಲಸವೂ ನಡೆಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಟೊಯೊಟಾ ಪಿಕಪ್ ಚಾಸಿಯ ಮೇಲೆ ಮನೆಗಾಡಿ ಕಟ್ಟುವುದು ನಿಂತುಹೋಯಿತು. ಆದರೆ ಉಳಿದಿರುವ ಗಾಡಿಗಳಿಗೆ ಇವತ್ತಿಗೂ ಗಿರಾಕಿಗಳಿದ್ದಾರೆ. ಕೊಳ್ಳಲು ಬಂದವರಲ್ಲಿ ತಿಳಿದವರು ಮೊದಲು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತು ನಟ್ಟು ಎಣಿಸುತ್ತಾರೆ. ಐದಿದ್ದರೆ ಹಳೆಯ ಹಗುರ ಆಕ್ಸಲ್, ಆರಿದ್ದರೆ ಗಟ್ಟಿಯದು. ಒಳಗಿನ ಹಾಸಿಗೆ, ಒಲೆಗಳನ್ನು ನೋಡುವುದು ಆಮೇಲೆ.