ಜೆಟ್ಟಿಗಳ ವಜ್ರಮುಷ್ಟಿ: ಮೂಲ ಮತ್ತು ರೂಢಿ

ಹುಣಸೂರು, ರಾವಂದೂರು ಮೊದಲಾದ ಪಡುವಣ ಊರುಗಳಿಂದ ವಿಜಯದಶಮಿಯಂದು ಮೈಸೂರಿಗೆ ಬರುವ ಜನರು ನೋಡುವುದು ಜಂಬೂಸವಾರಿಯನ್ನು. ಅದಕ್ಕೆ ಮುನ್ನ ಅರಮನೆಯ ಒಳ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವು ಬಹುಮಂದಿಗೆ ಕೇಳಿಬಲ್ಲ ಸಂಗತಿ ಮಾತ್ರ. ಹಳ್ಳಿಯ ಗರಡಿಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ತುಮಾಡಿದರೆ ಗೆಲುವು. ಇಲ್ಲಿ ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಈ ವಿಚಿತ್ರ ನಿಯಮದ ವಿದ್ಯೆ ಎಲ್ಲಿಂದ ಬಂದಿತು?

ಜೆಟ್ಟಿಗಳು ನಿಂಬುಜಾಂಬೆಯ ಆರಾಧಕರು. ಗುಜರಾತಿನ ಮೋಢೇರಾದ ಜ್ಯೇಷ್ಠಿಮಲ್ಲರ ಕುಲದೇವಿ ಲಿಂಬಜಾ. ಆ ಮಲ್ಲರ ವಿದ್ಯೆಯನ್ನು ವಿವರಿಸುವ 'ಮಲ್ಲಪುರಾಣ'ವು 1964ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. ದೇವಿಯರ ಹೆಸರುಗಳ ಸಾಮ್ಯ ಆಕಸ್ಮಿಕವೆಂದು ನಾವು ಭಾವಿಸುವುದಿಲ್ಲ. ಆದರೆ ಇಷ್ಟರಿಂದಲೇ ವಿದ್ಯೆಯೆಲ್ಲವೂ ಗುಜರಾತಿನಿಂದ ಬಂದಿತೆನ್ನುವುದು ಆತುರದ ತೀರ್ಮಾನ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಪ್ರಕರಣದಲ್ಲಿ ಜ್ಯೇಷ್ಠಿಕ ಎಂಬುದು ಮಲ್ಲರ ಒಂದು ದರ್ಜೆಯ ಹೆಸರು. ಅಂದರೆ ಮುಂದೆ ಕುಲನಾಮವಾದ 'ಜೆಟ್ಟಿ' ಶಬ್ದದ ಮೂಲರೂಪವು ಕನ್ನಡನಾಡಿನ ಅರಸನ ಗ್ರಂಥದಲ್ಲಿ ಯೋಗ್ಯತಾಸೂಚಕವಾಗಿಯೇ ಇದ್ದಿತು.

ಆಯುಧದ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸ್ವಾರಸ್ಯಕರ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರಲ್ಲಿ ಪಾಯೆಸನು ಮಹಾನವಮಿಯ ಮಲ್ಲರು ಹಲ್ಲು ಮುರಿಯುವಂತೆ ಹೊಡೆದಾಡುತ್ತಿದ್ದುದನ್ನು ಬರೆದಿದ್ದಾನೆ. ನೂನಿಜನು ಅವರ ಕೈಯಲ್ಲಿದ್ದ ಮೊನೆಗಳುಳ್ಳ ಎರಡು ಬಳೆಗಳನ್ನು ಹೇಳುತ್ತಾನೆ. ಹೆಚ್ಚು ಗಾಯಗೊಂಡವನಿಗೇ ರೇಷ್ಮೆಯ ಉಡುಗೊರೆ ಸಲ್ಲುತ್ತಿತ್ತಂತೆ! ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ಈ ಮಹಾನವಮಿಯ ಮುಂದುವರಿಕೆಯೇ. ಅದೇ ಪಟ್ಟಣದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿಯ ವೃತ್ತಾಂತವು 1824ರಲ್ಲಿ ಪ್ರಕಟವಾಯಿತು. ಅವನು ಕಂಡ ಜೆಟ್ಟಿಗಳು ತಲೆ ಬೋಳಿಸಿ, ಮೈಗೆ ಎಣ್ಣೆ ಬಳಿದು, ಕೊರಳ ಹೂವನ್ನು ಎದುರಾಳಿಯ ಮುಖಕ್ಕೆಸೆದು ಕಾಳಗಕ್ಕೆ ತೊಡಗುತ್ತಿದ್ದರು. ಬಲಗೈಯ ಬೆರಳುಗಳ ಮೇಲೆ ಮಾತ್ರ ನಾಲ್ಕು ಉಕ್ಕಿನ ಉಗುರುಗಳು.

ಈ 'ಬಲಗೈ ಮಾತ್ರ' ಎಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ. ನೂನಿಜನ ಮಾತಿಗೆ ಎರಡು ಕೈಗೂ ಬಳೆಯೆಂದೇ ಅರ್ಥವಾದರೆ, ನಡುವಣ ಕಾಲದಲ್ಲಿ ಎಡಗೈ ಆಯುಧದಿಂದ ಬಿಡುಗಡೆ ಹೊಂದಿತೆನ್ನಬೇಕು. ಬಿಡುವಾದ ಕೈಗೆ ಹಿಡಿತ, ಪಟ್ಟು, ತಡೆಗಳು ದೊರೆತವು. ಸ್ಕರಿಯೂ ಹೊಡೆತದಷ್ಟೇ ಪಟ್ಟುಗಳಿಗೆ ಬೆರಗಾಗಿದ್ದಾನೆ. ಅವುಗಳಿಂದ ಕೈಕಾಲುಗಳೇ ಮುರಿಯುತ್ತಿದ್ದವು. ಮುಷ್ಟಿಯುದ್ಧವೂ ಮಲ್ಲಯುದ್ಧವೂ ಒಂದೇ ದೇಹದಲ್ಲಿ ಕೂಡಿದ್ದು ಹೀಗೆಯೇ ಇರಬೇಕು.

ಮೈಸೂರಿನ ರೂಢಿಯಲ್ಲಿ ಉಕ್ಕಿಗೆ ಬದಲಾಗಿ ದಂತ ಅಥವಾ ಕೋಣದ ಕೊಂಬಿನ ಮುಷ್ಟಿ ಬಂದಿತು. ಮುರಿಯುವ ಪಟ್ಟುಗಳ ಸ್ಥಾನವನ್ನು ಮೊದಲ ರಕ್ತದ ನಿಯಮ ಆಕ್ರಮಿಸಿತು. 1971ರಲ್ಲಿ ರಾಜಧನ ರದ್ದಾದ ಮೇಲೂ ರಾಜವಂಶದವರ ಖಾಸಗಿ ದಸರೆಯಲ್ಲಿ ಕಾಳಗ ಉಳಿದು ಬಂದಿದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜೆಟ್ಟಿ ಮನೆತನಗಳಿಂದ ಬಂದವರು ಎರಡು ಜೋಡಿಗಳಾಗಿ ಕೆಮ್ಮಣ್ಣಿನ ಅಂಕಣಕ್ಕಿಳಿಯುತ್ತಾರೆ. ರಕ್ತ ಕಂಡೊಡನೆ ಅವರನ್ನು ಬಿಡಿಸಲಾಗುತ್ತದೆ. ಆ ಬಳಿಕವೇ ಬನ್ನಿಪೂಜೆಯ ಮೆರವಣಿಗೆ ಹೊರಡುತ್ತದೆ.