ತೆಂಗಿನ ಸೀಮೆಯಿಂದ ತೆಂಗಿನ ದ್ವೀಪಕ್ಕೆ

"ಇಲ್ಲಿಲ್ಲದ ತೆಂಗಿನಮರ ಅಲ್ಲೇನೈತೆ ಅಂತ ಹೋಗ್ತೀರವ್ವಾ?" ನಾವು ಮೂವರು ಹೆಂಗಸರು ನಾಲ್ಕು ದಿನ ಕರಾವಳಿ ನೋಡಿಕೊಂಡು ಬರುತ್ತೇವೆಂದಾಗ ನಮ್ಮತ್ತೆ ಕೇಳಿದ ಪ್ರಶ್ನೆ ಇದು. ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿ, ತಿಪಟೂರು ತುರುವೇಕೆರೆಗಳಲ್ಲೇ ನೆಂಟಸ್ತಿಕೆ ಬೆಳೆಸಿದವರಿಗೆ ತೆಂಗಿನಮರ ನೋಡುವ ವಸ್ತುವಲ್ಲ. ಅದು ಅಟ್ಟದ ಮೇಲಿನ ಕೊಬ್ಬರಿ, ಒಲೆಯೊಳಗಿನ ಮಟ್ಟೆ, ಹಂಡೆಯ ಕೆಳಗೆ ಉರಿಯುವ ಚಿಪ್ಪು, ಮಗಳ ಮದುವೆಗೆ ಎತ್ತಿದ ಸಾಲ. ಅತ್ತೆಯ ಮಾತಿನಲ್ಲಿ ನ್ಯಾಯವಿತ್ತು. ಆದರೂ ಹೊರಟೆವು.

ಮೂವರೆಂದರೆ ನಾನು, ನಾದಿನಿ ಮತ್ತು ನನ್ನ ಓರಗಿತ್ತಿ. ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ಹಿರಿಯರು ಸೇರಿ, ಹೆಂಗಸು ಎಲ್ಲಿ ತೋಟ ಮಾಡುತ್ತಾಳೆ, ಗುತ್ತಿಗೆಗೆ ಕೊಟ್ಟುಬಿಡಲಿ ಎಂದು ತೀರ್ಮಾನಿಸಿದ್ದರು. ಅಕ್ಕ ಎದುರು ಮಾತಾಡಲಿಲ್ಲ. ಮರುದಿನ ಸೆರಗು ಸಿಕ್ಕಿಸಿಕೊಂಡು ತೋಟಕ್ಕೆ ಹೋದರು, ಅಷ್ಟೆ. ಅಂದಿನಿಂದ ನೀರು ಕಟ್ಟಿಸುವುದು, ಕಾಯಿ ಕೀಳಿಸುವುದು, ಕೊಬ್ಬರಿ ಮಾರಾಟ ಎಲ್ಲ ಅವರದೇ. ನೆಂಟರ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ. ಅಷ್ಟು ವರ್ಷಗಳಲ್ಲಿ ಅವರು ರಜೆ ಎಂದು ಮನೆ ಬಿಟ್ಟದ್ದು ಇದೇ ಮೊದಲು.

ಅರಸೀಕೆರೆ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದಂತೆ ಗಾಳಿಯೇ ಬೇರೆಯಾಯಿತು. ಉಡುಪಿಯಲ್ಲಿ "ಬೊಂಡ ಬೇಕಾ?" ಎಂದು ಕೇಳಿದ ಅಂಗಡಿಯವನಿಗೆ ನಾದಿನಿ ಸಂಭ್ರಮದಿಂದ ಮೂರು ಪ್ಲೇಟ್ ಹೇಳಿದಳು. ಬಂದದ್ದು ಮೂರು ಎಳನೀರು! ತುಳುವಿನಲ್ಲಿ ಎಳನೀರಿಗೆ ಬೊಂಡ ಎನ್ನುತ್ತಾರೆ. ಕುಂದಾಪುರದತ್ತ ಹೋದರೆ ಅದೇ ಸೀಯಾಳ. ಮರ ಒಂದೇ, ಸಂಸಾರ ಬೇರೆ. ನಮ್ಮಲ್ಲಿ ಬಲಿತ ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿಟ್ಟು, ಅದು ಒಳಗೇ ಒಣಗಿ ಚಿಪ್ಪು ಬಿಟ್ಟು ಗುಡುಗುಡು ಎನ್ನುವವರೆಗೆ ಕಾಯುತ್ತೇವೆ. ಕರಾವಳಿಯ ಮಳೆಗೆ ಆ ಕಾಯುವಿಕೆ ಒಗ್ಗುವುದಿಲ್ಲ. ಅಲ್ಲಿ ಬೀಳುವ ಮಳೆಯ ಕಾಲು ಭಾಗವೂ ನಮ್ಮ ಸೀಮೆಗಿಲ್ಲ. ಹಾಗಾಗಿ ಅವರ ಕಾಯಿ ಹಸಿಯಾಗಿಯೇ ಕಲ್ಲಿನಲ್ಲಿ ಅರೆದು ಗಸಿಯಾಗುತ್ತದೆ, ನಮ್ಮದು ಉಂಡೆ ಕೊಬ್ಬರಿಯಾಗಿ ಉತ್ತರ ಹಿಂದೂಸ್ಥಾನದ ಹಬ್ಬಗಳಿಗೆ ಹೊರಡುತ್ತದೆ.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿ ದ್ವೀಪಕ್ಕೆ ಹೋದೆವು. ಮಳೆಗಾಲದಲ್ಲಿ ಈ ದೋಣಿಗಳು ನಿಲ್ಲುತ್ತವೆ. ನಾವು ಹೋದದ್ದು ಡಿಸೆಂಬರಿನಲ್ಲಿ. ಅಲ್ಲಿರುವುದು ಒಂದು ದ್ವೀಪವಲ್ಲ, ಸಾಲು ದ್ವೀಪಗಳು. ಪ್ರವಾಸಿಗಳು ಇಳಿಯುವುದಕ್ಕೆ ತೆಂಗಿನ ದ್ವೀಪ ಎಂದೇ ಹೆಸರು. ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಅವುಗಳ ಹಿಂದೆ, ಯಾರೋ ಅಳತೆ ಹಾಕಿ ಕಡೆದು ನಿಲ್ಲಿಸಿದಂತೆ ಕಲ್ಲಿನ ಕಂಬಗಳು. ಐದು ಮುಖ, ಆರು ಮುಖ, ಏಳು ಮುಖದವು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಯಾವ ಶಿಲ್ಪಿಯೂ ಕಡೆದದ್ದಲ್ಲ. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿದ ಲಾವಾ ಆರುವಾಗ ಕುಗ್ಗಿ, ಬಿರುಕು ಬಿಟ್ಟು ಹೀಗಾಯಿತು. ಬೇಸಿಗೆಯಲ್ಲಿ ನಮ್ಮ ಕೆರೆಯಂಗಳ ಒಣಗಿ ಬಿರಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡು ದೂರ ಸರಿದದ್ದೂ ಆ ಕಾಲದಲ್ಲೇ. ಎರಡು ನೆಲ ಭಾಗವಾದಾಗ ಉಳಿದ ಗುರುತಿನ ಕಲ್ಲುಗಳಿವು ಎನ್ನಬಹುದು.

ದ್ವೀಪಕ್ಕೆ ಈ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ. 1498ರ ಮೇ ತಿಂಗಳಲ್ಲಿ ಕೋಳಿಕ್ಕೋಡಿಗೆ ಬಂದವನು ಅಲ್ಲಿ ಸಾಮೂದಿರಿಯೊಂದಿಗೆ ವ್ಯವಹಾರ ಕುದುರದೆ, ಅದೇ ವರ್ಷ ಮರಳುವ ದಾರಿಯಲ್ಲಿ ಇಲ್ಲೊಂದು ಕಂಬ ನೆಟ್ಟು ಸಾಂತಾ ಮಾರಿಯಾಳ ಹೆಸರಿಟ್ಟ. ಶಾಲೆಯ ಪುಸ್ತಕ ಓದಿದವರಿಗೆಲ್ಲ ಅವನ ಹೆಸರು ಬಾಯಿಪಾಠ. ಆದರೆ ಈ ಕಡಲಿನಲ್ಲಿ ಅವನಿಗಿಂತ ಬಹಳ ಮೊದಲಿಂದಲೂ ಹಡಗುಗಳು ಓಡಾಡುತ್ತಿದ್ದವು, ಅದೂ ತೆಂಗಿನ ನಾರಿನ ಬಲದಿಂದ! ಹಲಗೆಗಳನ್ನು ಮೊಳೆ ಹೊಡೆಯದೆ, ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ಹದಿಮೂರನೆಯ ಶತಮಾನದ ಮಾರ್ಕೋ ಪೋಲೋ ಅಂಥ ಹಡಗು ಕಂಡು ಹೆದರಿದ. ಅವನ ನಂತರದ ಇಬ್ನ್ ಬತೂತನಿಗೆ ಅದರ ಮರ್ಮ ಗೊತ್ತಿತ್ತು: ಬಂಡೆಗೆ ಬಡಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ತಡೆದುಕೊಳ್ಳುತ್ತದೆ. ಹೊಲಿಗೆಯ ಬೆಲೆ ಬಲ್ಲ ನಾವು ಈ ಮಾತನ್ನು ಒಪ್ಪಲೇಬೇಕು.

ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಸಂಜೆ ಅಲ್ಲಿ ಸುಮ್ಮನೆ ಕೂತೆವು. ಮೂವರಲ್ಲಿ ಯಾರೂ ರಾತ್ರಿಯ ಅಡುಗೆಯ ಮಾತೆತ್ತಲಿಲ್ಲ. ಅದೇ ದೊಡ್ಡ ರಜೆ.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಕಡೆ ಕಾಂಡ್ಲಾ ಕಾಡಿದೆ. ಉಪ್ಪುನೀರಿನಲ್ಲೇ ಬೇರೂರಿ ನಿಂತ ಮರಗಳು. ಇಳಿತದ ಹೊತ್ತಿಗೆ ಕೆಸರಿನಿಂದ ಬೇರುಗಳು ತಲೆ ಎತ್ತಿ ಉಸಿರಾಡುತ್ತವೆ. ಈ ಊರಿಗೂ ಇಬ್ನ್ ಬತೂತ ಬಂದಿದ್ದ, ಹದಿನಾಲ್ಕನೆಯ ಶತಮಾನದಲ್ಲಿ. ಮೊರಾಕೊದಿಂದ ಹೊರಟು ಲೋಕವನ್ನೆಲ್ಲ ಸುತ್ತಿದವನಿಗೆ ಇಲ್ಲಿ ಅಚ್ಚರಿಯಾದದ್ದು ಯಾವುದು ಗೊತ್ತೆ? ಹುಡುಗಿಯರ ಶಾಲೆಗಳು! ಹೊನ್ನಾವರದಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ಕಂಡೆ, ಬೇರೆಲ್ಲೂ ಇಂಥದ್ದನ್ನು ನೋಡಲಿಲ್ಲ ಎಂದು ಬರೆದಿದ್ದಾನೆ. ಅಲ್ಲಿಯ ಹೆಂಗಸರಿಗೆಲ್ಲ ಕುರಾನ್ ಕಂಠಪಾಠವಾಗಿತ್ತಂತೆ. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ತೋಟದ ಪಾಲು ಬಿಟ್ಟುಕೊಟ್ಟವರು. ಆರೇಳು ನೂರು ವರ್ಷಗಳ ಹಿಂದಿನ ಆ ಹುಡುಗಿಯರನ್ನು ನೆನೆದರೆ ಹೊಟ್ಟೆಕಿಚ್ಚೇ ಆಗುತ್ತದೆ.

ಅಲ್ಲಿಂದ ಉತ್ತರಕ್ಕೆ ಕುಮಟಾದ ಹತ್ತಿರ ಮಿರ್ಜಾನ್ ಕೋಟೆ. ಜಂಬಿಟ್ಟಿಗೆಯ ಗೋಡೆ, ಪಾಚಿ, ಹುಲ್ಲು, ಮೌನ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪು ಇಲ್ಲಿ ಗಟ್ಟಿಯಾಗಿದೆ. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಮೆಣಸಿನ ವ್ಯಾಪಾರ ಅವಳ ಹಿಡಿತದಲ್ಲಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅವಳನ್ನು ಕೊನೆಗೆ ಸೋಲಿಸಿದವನು ಪೋರ್ಚುಗೀಸನಲ್ಲ, ಕೆಳದಿಯ ವೆಂಕಟಪ್ಪನಾಯಕ.

ಆ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ರಾಯಭಾರಿಯ ಜೊತೆಗೆ 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯವನು ಇಕ್ಕೇರಿಗೆ ಬಂದ. ಮುಂದೆ ಮಂಗಳೂರಿಗೂ ಹೋಗಿ, ಪೋರ್ಚುಗೀಸರನ್ನು ನಡುಗಿಸಿದ ಉಳ್ಳಾಲದ ಚೌಟರ ರಾಣಿಯನ್ನು ನೋಡಬೇಕೆಂದು ಮಣೇಲಿಗೆ ನಡೆದ. ಅಬ್ಬಕ್ಕ ಎಂದು ನಾವು ಕರೆಯುವುದು ಈ ಚೌಟ ರಾಣಿಯರನ್ನೇ. ಒಬ್ಬಳಿಗಿಂತ ಹೆಚ್ಚು ರಾಣಿಯರ ಕಥೆ ಆ ಒಂದು ಹೆಸರಿನಲ್ಲಿ ಬೆರೆತಿದೆ. ತಾಯಿಯ ಕಡೆಯಿಂದ ಹಕ್ಕು ಬರುವ ಅಳಿಯಸಂತಾನದ ನಾಡು ಅದು. ಅಲ್ಲಿ ಹೆಣ್ಣು ಪಟ್ಟಕ್ಕೆ ಬರುವುದು ವಿಚಿತ್ರವಾಗಿರಲಿಲ್ಲ.

ಅವನಿಗೆ ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಬರಿಗಾಲು, ಒರಟು ಬಿಳಿ ಹತ್ತಿಬಟ್ಟೆ, ತಲೆಯ ಮೇಲೆ ಗರಿಯ ಕೊಡೆ, ಜೊತೆಗೆ ನಾಲ್ಕಾರು ಜನ ಸೈನಿಕರು. ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ನೋಡಿದರೆ ಅಡುಗೆಯವಳೋ ಅಗಸಗಿತ್ತಿಯೋ ಎನಿಸಬೇಕು, ಆದರೆ ಬಾಯಿ ತೆರೆದರೆ ರಾಣಿ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಸ್ಪೇನಿನ ದೊರೆಯ ಸೈನ್ಯವನ್ನು ಸೋಲಿಸುವವಳು ಇವಳೇ ಎಂದು ಮನಸ್ಸಿನಲ್ಲೇ ಅಂದುಕೊಂಡನಂತೆ. ಆಗ ಪೋರ್ಚುಗಲ್ ಕೂಡ ಸ್ಪೇನಿನ ದೊರೆಯ ಕೈಕೆಳಗಿತ್ತು. ಪರದೇಶಿಯೊಬ್ಬನ ಈ ನಾಲ್ಕು ಸಾಲು ಇರದಿದ್ದರೆ ಆ ಬರಿಗಾಲು ನಮಗೆ ಕಾಣುತ್ತಲೇ ಇರಲಿಲ್ಲ. ಕುದುರೆ, ಕತ್ತಿ, ಕಿರೀಟದ ರಾಣಿಯನ್ನು ಯಾವ ಚಿತ್ರಗಾರನಾದರೂ ಬರೆದುಕೊಡುತ್ತಾನೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ರಾಣಿ ಅಬ್ಬಕ್ಕಳ ಹೆಸರಿಟ್ಟರು. ಸಂತೋಷವೇ. ನನಗೆ ಮಾತ್ರ ಕಾಲುವೆಯ ದಂಡೆಯ ರಾಣಿಯೇ ಹತ್ತಿರದವಳು.

ವಾಪಸು ಬರುವಾಗ ಉಳ್ಳಾಲದ ಸೋಮೇಶ್ವರದ ಕಡಲ ಬಂಡೆಗಳ ಬಳಿ ಕೂತು ಇದನ್ನೆಲ್ಲ ಹೇಳಿದೆ. ನಾದಿನಿಗೆ ಯುದ್ಧದ ಕಥೆ ಬೇಕಿತ್ತು. ಅಕ್ಕ ತಡೆದರು.

"ಕಾಲುವೆಗೆ ನೀರು ಎಲ್ಲಿಂದ ತಿರುಗಿಸ್ತಿದ್ಲಂತೆ? ಹೊಳೆಯಿಂದ್ಲೋ, ಕೆರೆಯಿಂದ್ಲೋ?"

"ಅಷ್ಟು ವಿವರ ನಾನು ಓದಿದ್ದರಲ್ಲಿಲ್ಲ ಅಕ್ಕ. ಆಳುಗಳ ಮೇಲೆ ಬಿಡದೆ ತಾನೇ ಹೋಗ್ತಿದ್ಲು ಅಂತ ಐತೆ."

"ಬಿಟ್ರೆ ಆಯ್ತದಾ? ನಿಂತು ನೋಡ್ದೆ ಇದ್ರೆ ಮಟ್ಟ ತಪ್ಪಿಸ್ತಾರೆ," ಎಂದು ಅಕ್ಕ ಸೀರೆಯ ಮರಳು ಕೊಡವಿಕೊಂಡು ಎದ್ದರು. ರಸ್ತೆ ಬದಿಯ ಅಂಗಡಿಯಲ್ಲಿ ಮೂರು ಬೊಂಡ ಕೊಚ್ಚಿಸಿ, ಗಂಜಿ ತೆಗೆಸಿ ನಮ್ಮ ಕೈಗೆ ಕೊಟ್ಟರು. ಆಮೇಲೆ ಅಂಗಡಿಯವನ ಹತ್ತಿರ ನಿಂತು, ಈ ಕಡೆ ಮರ ಹತ್ತುವವರು ಸಿಗುತ್ತಾರಾ, ಮರಕ್ಕೆ ಎಷ್ಟು ಕೂಲಿ ಕೊಡುತ್ತೀರಿ ಎಂದು ವಿಚಾರಿಸತೊಡಗಿದರು.