ನೇತ್ರಾಣಿ ದ್ವೀಪದ ವನ್ಯಜೀವಿಗಳು

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ಜನವಸತಿಯಿಲ್ಲದ ದ್ವೀಪ. ಬ್ರಿಟಿಷರು ಇದನ್ನು ‘ಪಿಜನ್ ಐಲ್ಯಾಂಡ್’ (ಪಾರಿವಾಳಗಳ ದ್ವೀಪ) ಎಂದು ಕರೆದರೂ ಇಲ್ಲಿನ ಹೆಗ್ಗಳಿಕೆಯು ಬೇರೆರಡು ಹಕ್ಕಿಗಳಿಗೆ ಸಲ್ಲಬೇಕು. 19ನೇ ಶತಮಾನದ ಪಕ್ಷಿತಜ್ಞ ಟಿ. ಸಿ. ಜೆರ್ಡನ್ ಅವೆರಡನ್ನೂ ಈ ದ್ವೀಪದಲ್ಲಿ ಕಂಡು ದಾಖಲಿಸಿದ್ದಾನೆ.

ಮೊದಲನೆಯದು ಬಿಳಿಹೊಟ್ಟೆಯ ಕಡಲ ಹದ್ದು. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 2 ಮೀಟರ್. ಮೀನು ಮತ್ತು ಕಡಲಹಾವುಗಳು ಇದರ ಮುಖ್ಯ ಆಹಾರ. ಎತ್ತರದ ಮರದಲ್ಲಿ ಕಡ್ಡಿಗಳಿಂದ ಕಟ್ಟಿದ ಗೂಡನ್ನೇ ಜೋಡಿಯು ವರ್ಷವರ್ಷವೂ ದುರಸ್ತಿಮಾಡಿ ಬಳಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಆದುದರಿಂದ ಒಂದು ಹೆಮ್ಮರ ಉರುಳಿದರೆ ಹಲವು ವರ್ಷಗಳ ನೆಲೆಯೇ ಹೋದಂತೆ.

ಎರಡನೆಯದು ಭಾರತೀಯ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಬಾನಾಡಿ. ಪಶ್ಚಿಮ ಘಟ್ಟ, ಅದರ ಕರಾವಳಿ ಹಾಗೂ ಶ್ರೀಲಂಕೆಗಳಿಗೆ ಸೀಮಿತವಾದ ಈ ಹಕ್ಕಿ ಗುಹೆಯ ಗೋಡೆಗೆ ತನ್ನ ಜೊಲ್ಲಿನಿಂದಲೇ ಗೂಡನ್ನು ಅಂಟಿಸುತ್ತದೆ. ಕತ್ತಲಲ್ಲಿ ಟಿಕ್ ಟಿಕ್ ಸದ್ದುಮಾಡಿ, ಅದರ ಪ್ರತಿಧ್ವನಿಯಿಂದ ದಾರಿ ಅರಿಯುತ್ತದೆ. ಬಾವಲಿಗಷ್ಟೇ ಈ ವಿದ್ಯೆಯೆಂದು ತಿಳಿದವರಿಗೆ ಇದು ಅಚ್ಚರಿ.

ಸುತ್ತಲ ನೀರಿನಲ್ಲಿ ಹವಳದ ಬಂಡೆಗಳೂ ಬಣ್ಣಬಣ್ಣದ ಮೀನುಗಳೂ ಇವೆ. ದ್ವೀಪದ ಮೇಲಿನ ಆಡುಗಳು ಮಾತ್ರ ಮೂಲನಿವಾಸಿಗಳಲ್ಲ, ಹರಕೆಯಾಗಿ ತಂದುಬಿಟ್ಟವು.

ಭಾರತೀಯ ನೌಕಾಪಡೆಯು ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಕಡಲ ಹದ್ದು ಮತ್ತು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದ್ದು, ಬೇಟೆಗೆ ನಿಷೇಧವಿದೆ. ಗೂಡಿರುವ ಮರ ಹಾಗೂ ಗುಹೆಗಳ ಮೇಲೆ ಬೀಳುವ ಸಿಡಿಗುಂಡನ್ನು ಬೇಟೆಯೆಂದು ಯಾರೂ ಕರೆಯುವುದಿಲ್ಲ. ಅಭ್ಯಾಸವನ್ನು ಬೇರೆಡೆಗೆ ವರ್ಗಾಯಿಸಬೇಕೆಂದು ಪರಿಸರಾಸಕ್ತರು ಒತ್ತಾಯಿಸಿದ್ದಾರೆ.